ಏಳನೆಯ ಕಂತಿನ ಹಾಳೆಗಳು

ಜೂನ್ ೧೪, ಮಂಗಳವಾರ

ಪ್ರೀತಿಯ ಚುಕ್ಕಿ,

ಭಾನುವಾರ ಮಧ್ಯಾಹ್ನದ ಬಗ್ಗೆ ನಿನ್ನ ಅಣ್ಣ ಫೋನಿನಲ್ಲಿ ನಿನಗೆ ಒಪ್ಪಿಸಿರುವ ವರದಿಯಲ್ಲಿ ಮೂರು ತಪ್ಪುಗಳಿವೆ. ನಿನ್ನ ಕ್ಷೇಮ ವಿಚಾರಿಸುವ ಮೊದಲೇ ಅವನ್ನು ತಿದ್ದಬೇಕಾಗಿ ಬಂದುದಕ್ಕೆ ಕ್ಷಮಿಸು. ಮೊದಲನೆಯದು, "ಮನೆ ತುಂಬ ಜನ" ಇರಲಿಲ್ಲ. ನನ್ನನ್ನೂ ಸೇರಿಸಿ ಐದು ಮಂದಿ. ಎರಡನೆಯದು, ನನಗೆ ತಲೆನೋವು ಬಂದಿರಲಿಲ್ಲ. ಪಕ್ಕದ ಮನೆಯ ಟೈಲರಮ್ಮನ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಅವನೇ ಹುಟ್ಟಿಸಿದ ತಲೆನೋವು ಅದು. ಮೂರನೆಯದು, "ಅಮ್ಮನಿಗೆ ಈ ಮಾಯಮಂತ್ರದ ಸೀರಿಯಲ್ಲುಗಳೇ ಆಗಿಬರುವುದಿಲ್ಲ, ಅದಕ್ಕೇ ಮಧ್ಯದಲ್ಲಿ ಎದ್ದುಹೋದಳು" ಎಂದಿದ್ದಾನಂತೆ. ಆಗಿಬರದಿದ್ದರೆ, ಕನ್ನಡಕ್ಕೆ ಡಬ್ ಮಾಡಲು ನೀನು ಬರೆದ 'ಉಪ್ಪಿನ ಕೋಟೆ'ಯ ಆರು ಕಂತುಗಳ ಮಾತನ್ನು ಕೆಂಪು ಶಾಯಿ ಹಿಡಿದು ತಿದ್ದಿಕೊಟ್ಟವರು ಯಾರು?

ಇನ್ನು ಕ್ಷೇಮ. ನಾನು ಚೆನ್ನಾಗಿದ್ದೇನೆ. ನೀನೂ ಹಾಗೆಯೇ ಇರುವೆಯೆಂದು ನಂಬಿದ್ದೇನೆ. ಸ್ಟುಡಿಯೋದ ಎಸಿ ಗಾಳಿಗೆ ಕತ್ತು ಹಿಡಿದುಕೊಂಡಿದೆ ಎಂದಿದ್ದೆ, ಬಿಸಿನೀರಿನ ಶಾಖ ಕೊಡು. ನೀನು ಕಳುಹಿಸಿದ ಎಂಟು ಮತ್ತು ಒಂಬತ್ತನೆಯ ಕಂತಿನ ಹಾಳೆಗಳು ತಲುಪಿ ಹತ್ತು ದಿನಗಳಾದವು. ಎರಡೇ ದಿನದಲ್ಲಿ ತಿದ್ದಿ ಹಿಂತಿರುಗಿಸುವ ನಾನು ಹೀಗೆ ತಡಮಾಡಿದ್ದು ಇದೇ ಮೊದಲು. ಮೊದಲ ಎಂಟು ದಿನಕ್ಕೆ ಅಡುಗೆಮನೆಯ ನಲ್ಲಿ ಕಾರಣ. ನಲ್ಲಿ ರಿಪೇರಿಯವನು ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಸೋರುತ್ತಿತ್ತು, ಹಾಳೆಗಳನ್ನು ಹರಡಿಕೊಳ್ಳುವ ಮೇಜಿನ ಮೇಲೆಲ್ಲ ಪಾತ್ರೆಗಳು. ಕೊನೆಯ ಎರಡು ದಿನಕ್ಕೆ ನೀನು ಕಾರಣ.

ಈ ಬಗೆಯ ಸರಣಿಗಳ ಬಗ್ಗೆ ಹಿರಿಯರ ಅಭಿಪ್ರಾಯವೇನೆಂದು ನಿಮ್ಮ ಕಂಪನಿಯವರು ಕೇಳಿದ್ದಾರೆಂದು ಬರೆದಿದ್ದೆ. ಕೇಳಿರುವುದರಿಂದ ಹೇಳುತ್ತೇನೆ. ಮೈಗಂಟಿದ ಬಟ್ಟೆ ತೊಟ್ಟು ಹಾರುವವರ ಸರಣಿಗಳನ್ನು ನಿನ್ನ ಅಣ್ಣನ ಮಗಳು, ನಮ್ಮ ಗಿರಗಿಟ್ಲೆ, ನನಗೆ ನಾಲ್ಕು ತೋರಿಸಿದ್ದಾಳೆ. ನಾಲ್ಕರಲ್ಲೂ ಕೊನೆಗೆ ಒಂದು ಊರು ಪುಡಿಯಾಗುತ್ತದೆ. ಗೆದ್ದವನು ಎತ್ತರದ ಕಟ್ಟಡದ ಮೇಲೆ ನಿಂತು ದೂರ ನೋಡುತ್ತಾನೆ. ಕೆಳಗೆ ಬಿದ್ದ ಗಾಜನ್ನು ಗುಡಿಸುವವರು ಯಾರು ಎಂದು ಕೇಳಿದೆ.

"ಅಜ್ಜಿ, ಅವ್ನು ಲೋಕ ಉಳಿಸ್ತಿದಾನೆ. ಗಾಜು ಗುಡಿಸೋಕೆ ಟೈಮ್ ಎಲ್ಲಿದೆ?"

"ಉಳಿಸಿದ ಮೇಲೆ ಗುಡಿಸಬಹುದಲ್ಲ."

"ನೀನು ಬಿಡಜ್ಜಿ, ಅವ್ನಿಗೂ ಹೋಮ್‌ವರ್ಕ್ ಕೊಡ್ತೀಯ."

ಅವರಲ್ಲಿ ಸಾವಿಗೂ ಬೆಲೆಯಿಲ್ಲ. ಮೂರನೆಯ ಕಂತಿನಲ್ಲಿ ಸತ್ತವನಿಗಾಗಿ ನಾನು ಮನಸ್ಸಿಟ್ಟು ಮರುಗಿದರೆ, ಐದನೆಯದರಲ್ಲಿ ಅವನೇ ಬೇರೊಂದು ಲೋಕದಿಂದ ಗಡ್ಡ ಬಿಟ್ಟುಕೊಂಡು ಬರುತ್ತಾನೆ. ನನ್ನ ಮರುಕವನ್ನು ಯಾರು ಹಿಂತಿರುಗಿಸುತ್ತಾರೆ? ರಾಜರಾಣಿಯರ ಕಥೆಗಳೋ, ಕತ್ತಲಲ್ಲೇ ನಡೆಯುತ್ತವೆ. ಸಿಂಹಾಸನಕ್ಕಾಗಿ ಸಾವಿರ ಜನರನ್ನು ಕೊಲ್ಲಿಸುವವರಿಗೆ ಇನ್ನೊಂದು ದೀಪ ಹಚ್ಚಿಸಲು ಆಗುವುದಿಲ್ಲ. ಅಲ್ಲದೆ, ಒಂದು ಭಾಗ ಮುಗಿದ ಮೇಲೆ ಎರಡು ವರ್ಷ ಕಾಯಿಸಿ, ಮೀಸೆ ಬಂದ ಹುಡುಗನನ್ನು ಅದೇ ಮಗುವೆಂದು ನಂಬಿ ಎನ್ನುತ್ತಾರೆ.

'ಉಪ್ಪಿನ ಕೋಟೆ' ಹಾಗಿರಲಿಲ್ಲ. ಅಲ್ಲಿ ಸತ್ತವರು ಸತ್ತೇ ಇದ್ದರು. ಆ ರಾಜಕುಮಾರಿ ಅಂಗೈಯಲ್ಲಿ ಬೆಂಕಿ ಹೊತ್ತಿಸಿದಾಗಲೆಲ್ಲ ಅವಳ ಒಂದು ದಿನದ ನೆನಪು ಸುಟ್ಟುಹೋಗುತ್ತದೆ ಎಂಬ ಕಲ್ಪನೆ ನನಗೆ ಬಹಳ ಹಿಡಿಸಿತ್ತು. ಶಕ್ತಿಗೆ ಒಂದು ನಷ್ಟವಿರಬೇಕು. ಮಗಳು ಎಲ್ಲವನ್ನೂ ಮರೆತುಬಿಟ್ಟಾಳೆಂಬ ಭಯಕ್ಕೆ ರಾಣಿ ಅವಳನ್ನು ಬೆಂಕಿಯಿಂದ, ಕೊನೆಗೆ ತನ್ನಿಂದಲೂ ದೂರವಿಟ್ಟಳು. ಎರಡನೆಯ ಕಂತು ತಿದ್ದುವಾಗಲೇ ನಾನು ಅಂಚಿನಲ್ಲಿ ಬರೆದಿದ್ದೆ: "ಈ ರಾಣಿಯನ್ನು ಬರಿಯ ದುಷ್ಟೆ ಮಾಡಬೇಡ. ಅವಳಿಗೆ ಕಾರಣವಿದೆ."

ಆ ಹಾಳೆಗಳು ನನಗೆ ಏನಾಗಿದ್ದವೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ನಿವೃತ್ತಿಯಾಗಿ ಹನ್ನೆರಡು ವರ್ಷಗಳಲ್ಲಿ ಯಾರೂ ನನ್ನ ಮುಂದೆ ತಿದ್ದಲು ಒಂದು ಕಾಗದ ಇಟ್ಟಿರಲಿಲ್ಲ. ಎಡಗಡೆ ಚಿತ್ರದ ವಿವರ, ಬಲಗಡೆ ನಿನ್ನ ಮಾತು. ನಾನು ಗಡಿಯಾರ ಎದುರಿಗಿಟ್ಟುಕೊಂಡು ಜೋರಾಗಿ ಓದುತ್ತಿದ್ದೆ. ತೆರೆಯ ಮೇಲಿನವರ ತುಟಿ ಮುಚ್ಚುವಲ್ಲಿ ನಮ್ಮ ಮಾತಿನಲ್ಲೂ ತುಟಿ ಮುಚ್ಚಬೇಕು, ಅವರು ನಾಲ್ಕು ಸೆಕೆಂಡು ಆಡಿದರೆ ನಾವೂ ನಾಲ್ಕೇ ಆಡಬೇಕು ಎಂಬುದನ್ನೆಲ್ಲ ನೀನೇ ಕಲಿಸಿದೆ. ಇನ್ನೊಂದನ್ನೂ ಕಲಿಸಿದೆ. "ಬೆನ್ನು ತಿರುಗಿಸಿ ನಿಂತಾಗ ನಮಗೆ ಸ್ವಾತಂತ್ರ್ಯ, ಅಮ್ಮ. ಬಾಯಿ ಕಾಣದಿದ್ರೆ ಏನು ಬೇಕಾದ್ರೂ ತುಂಬಬಹುದು. ಅವರು ಆಡದೇ ಇದ್ದದ್ದನ್ನೂ ಆಡಿಸಬಹುದು." ನನಗೆ ಅದು ಮೋಸವೆನಿಸಿತ್ತು. ನೀನು ನಕ್ಕು, "ಮೋಸ ಅಲ್ಲಮ್ಮ, ಕಸುಬು" ಎಂದಿದ್ದೆ.

ಏಳನೆಯ ಕಂತಿನ ಹಾಳೆಗಳು ಮಾತ್ರ ನನಗೆ ಬರಲಿಲ್ಲ. "ಅವಸರದಲ್ಲಿ ನೇರವಾಗಿ ರೆಕಾರ್ಡಿಂಗಿಗೆ ಹೋಗಿಬಿಡ್ತಮ್ಮ, ನಿನಗೆ ಕಳಿಸೋಕೇ ಆಗಲಿಲ್ಲ" ಎಂದೆ. ನಾನು ನಂಬಿದೆ. ನಿನ್ನ ಕೆಲಸದ ಒತ್ತಡ ನೆನೆದು ಬೇಸರವನ್ನೂ ಪಟ್ಟೆ.

ಭಾನುವಾರ ಅದನ್ನು ನೋಡಲು ನಿನ್ನ ಅಣ್ಣನ ಮನೆಯಲ್ಲಿ ಕುಳಿತೆವು. ನಿನ್ನ ಅತ್ತಿಗೆ ಎಲ್ಲರಿಗೂ ನಿಂಬೆ ಶರಬತ್ತು ಕೊಟ್ಟಳು. ಟೈಲರಮ್ಮ ಬಟನ್ ಹಾಕಬೇಕಾದ ನಾಲ್ಕು ಅಂಗಿಗಳನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದರು. ತೆರೆಯ ಮೇಲೆ ರಾಣಿ ಕೋಣೆಯೊಳಗೆ ಹೋಗಿ ಅಗುಳಿ ಹಾಕಿಕೊಂಡಳು. ಹೊರಗೆ ಮಗಳು ಬಾಗಿಲು ಬಡಿದು ಅಳುತ್ತಿದ್ದಾಳೆ. ರಾಣಿಯ ಬೆನ್ನು ನಮ್ಮ ಕಡೆಗೆ. ಆಗ ಅವಳ ಧ್ವನಿ ಬಂತು:

"ಅಳು ಮುಗಿಸಿ, ಮುಖ ತೊಳ್ಕೊಂಡು ಬಾ. ಆಮೇಲೆ ಮಾತಾಡೋಣ."

ಟೈಲರಮ್ಮ ಸೂಜಿ ನಿಲ್ಲಿಸಿ, "ಥೂ, ಇವಳೂ ಒಬ್ಬಳು ತಾಯಿನಾ? ಹೆತ್ತ ಹೊಟ್ಟೆಯೋ ಕಲ್ಲೋ" ಎಂದರು. ಅತ್ತಿಗೆ, "ಎಷ್ಟು ಚೆನ್ನಾಗಿ ಬರೆದಿದಾಳೆ ನೋಡಿ ಅತ್ತೆ, ಮೈ ಜುಮ್ ಅಂತು" ಎಂದಳು. ಗಿರಗಿಟ್ಲೆ ನನ್ನ ತೊಡೆ ತಟ್ಟಿ ನಕ್ಕಳು: "ಅಜ್ಜಿ, ಥೇಟ್ ನೀನೇ." ನಿನ್ನ ಅಣ್ಣ ಮಾತ್ರ ಲೋಟದ ತಳ ನೋಡುತ್ತಿದ್ದ. ಅವನಿಗೆ ಗುರುತು ಸಿಕ್ಕಿತ್ತು. ನಾನು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟುಕೊಂಡು ಎದ್ದೆ. ಬಾಗಿಲ ಹತ್ತಿರ ಟೈಲರಮ್ಮ, "ಕೂತ್ಕೊಳ್ಳಿ ಟೀಚರ್, ಆ ರಾಕ್ಷಸಿಗೆ ಏನಾಗುತ್ತೆ ನೋಡೋಣ" ಎಂದು ಕೈ ಹಿಡಿದರು.

ನಾನು ಅವಸರದಲ್ಲಿ ತೀರ್ಪು ಕೊಡುವವಳಲ್ಲ. ನಿನ್ನೆ ಗಿರಗಿಟ್ಲೆಯನ್ನು ಕರೆಸಿ, ಅದೇ ದೃಶ್ಯವನ್ನು ಮೂಲದ ಭಾಷೆಯಲ್ಲಿ ಹಾಕಿಸಿದೆ. ಮೂಲದಲ್ಲಿ ರಾಣಿ ಏನನ್ನೂ ಹೇಳುವುದಿಲ್ಲ. ಬಾಗಿಲು ಬಡಿಯುವ ಸದ್ದು, ಗಾಳಿ, ಅಷ್ಟೇ. ಆರು ಸೆಕೆಂಡು, ಗಡಿಯಾರ ಹಿಡಿದು ಮೂರು ಸಲ ನೋಡಿದೆ. ಆಮೇಲೆ ಅವಳು ನಮ್ಮ ಕಡೆ ತಿರುಗುತ್ತಾಳೆ. ಕಣ್ಣು ಒಣಗಿದೆ. ಬಟ್ಟಲಿಗೆ ಪಾನೀಯ ಸುರಿದುಕೊಂಡು, ಸಾಕಿದ ಗಿಡುಗಕ್ಕೆ ಮಾಂಸದ ಚೂರು ಕೊಡುತ್ತಾಳೆ. ಅವಳ ಮೌನದಲ್ಲಿ ನನ್ನ ಮಾತನ್ನು ತುಂಬಿದವಳು ನೀನು.

ಮಾತು ನನ್ನದೇ, ಅಲ್ಲಗಳೆಯುವುದಿಲ್ಲ. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ನೂರಾರು ಮಕ್ಕಳಿಗೆ ಹೇಳಿದ್ದೇನೆ, ಮನೆಯಲ್ಲಿ ನಿನಗೂ ಹೇಳಿದ್ದೇನೆ. ನಾನು ಕಠಿಣಳಾಗಿದ್ದೆ. ಅದನ್ನು ನೀನು ಬರೆದರೆ ತಡೆಯಲು ನನಗೆ ಅಧಿಕಾರವಿಲ್ಲ. ಆದರೆ ಆ ಹಾಳೆಯನ್ನು ನನಗೆ ಕಳುಹಿಸಬೇಕಿತ್ತು. ಒಂದಕ್ಷರವನ್ನೂ ತಿದ್ದದೆ ಹಿಂತಿರುಗಿಸುತ್ತಿದ್ದೆ. ಅವಸರದ ಕಥೆ ಕಟ್ಟಿ ಬಚ್ಚಿಟ್ಟೆಯಲ್ಲ, ಏನು ಮಾಡುತ್ತಿರುವೆಯೆಂದು ನಿನಗೆ ಚೆನ್ನಾಗಿ ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಅದರಿಂದಲೇ.

ಎಂಟನೆಯ ಕಂತನ್ನು ತಿದ್ದಿ ಇದರೊಂದಿಗೆ ಕಳುಹಿಸಿದ್ದೇನೆ. ಹದಿನೇಳು ತಪ್ಪುಗಳಿವೆ, ಸೇನಾಪತಿ ಒಂದೇ ದೃಶ್ಯದಲ್ಲಿ ರಾಣಿಯನ್ನು 'ನೀವು' ಎಂದೂ 'ನೀನು' ಎಂದೂ ಕರೆಯುತ್ತಾನೆ, ಗಮನಿಸು. ಒಂಬತ್ತನೆಯದನ್ನು ಮುಟ್ಟಿಲ್ಲ. ಅದರ ಕೊನೆಯ ಪುಟದಲ್ಲಿ ರಾಣಿ ಸಾಯುವ ಮೊದಲು ಮತ್ತೊಮ್ಮೆ ಬೆನ್ನು ತಿರುಗಿಸುತ್ತಾಳೆ, ಅಲ್ಲಿ ನೀನು "ಆಮೇಲೆ ತುಂಬುವುದು" ಎಂದು ಪೆನ್ಸಿಲ್ಲಿನಲ್ಲಿ ಬರೆದಿರುವೆ. ಆ ಜಾಗವನ್ನು ನೀನೇ ತುಂಬು. ನನ್ನ ಶಾಯಿ ಅಲ್ಲಿಗೆ ಬರುವುದಿಲ್ಲ. ಇನ್ನು ಮುಂದೆ ನನಗೆ ಹಾಳೆಗಳನ್ನು ಕಳುಹಿಸುವುದೂ ಬೇಡ.

ವೇಳೆಗೆ ಸರಿಯಾಗಿ ಊಟ ಮಾಡು. ಕತ್ತು ನೋಯುವಾಗ ತಲೆದಿಂಬು ತೆಗೆದು ಮಲಗು. ನಿನ್ನ ಕೆಲಸಕ್ಕೆ ಒಳ್ಳೆಯ ಹೆಸರು ಬರಲಿ, ಆಯುಸ್ಸು ಆರೋಗ್ಯ ಗಟ್ಟಿಯಾಗಿರಲಿ. ಇದನ್ನು ಕೋಪದಲ್ಲೂ ಮನಸಾರೆ ಬರೆಯುತ್ತಿದ್ದೇನೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಅಪ್ಪ ತೀರಿಹೋದ ದಿನ ನೀನು ಹನ್ನೊಂದರವಳು. ಮಲಗುವ ಕೋಣೆಯ ಬಾಗಿಲು ಬಡಿದೆ, ನಾನು ಒಳಗಿನಿಂದ ಆ ಮಾತು ಹೇಳಿದೆ. ಮೂರು ವರ್ಷದ ಹಿಂದೆ, ನನ್ನ ಆಪರೇಷನ್ನಿನ ಹಿಂದಿನ ಮಧ್ಯಾಹ್ನ, ಆ ಬಾಗಿಲ ಒಳಗೆ ಏನಿತ್ತೆಂದು ನಿನಗೆ ಹೇಳಿದೆ: ನಿನ್ನ ಅಪ್ಪನ ಅಂಗಿಯನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಕುಳಿತಿದ್ದೆ, ಅಮ್ಮ ಅಳುವುದು ನಿನಗೆ ಕೇಳಬಾರದೆಂದು. ಆ ಏಳು ಪದ ಹೇಳಲು ಅಂಗಿ ತೆಗೆದೆ, ಮತ್ತೆ ತುರುಕಿಕೊಂಡೆ. ನೀನು ನನ್ನ ಕೈ ಹಿಡಿದು, "ಈಗ ಬಾಗಿಲು ತೆಗೆದ ಹಾಗೇ ಆಯ್ತಮ್ಮ" ಎಂದೆ. ನಾನು ನೆಮ್ಮದಿಯಾಗಿ ಆಪರೇಷನ್ನಿಗೆ ಹೋದೆ. ಚುಕ್ಕಿ, ನೀನು ಬಾಗಿಲ ಹೊರಗೆ ಕೇಳಿಸಿದ್ದನ್ನು ಮಾತ್ರ ತೆಗೆದುಕೊಂಡು, ಒಳಗೆ ಆ ಒಣ ಕಣ್ಣಿನವಳನ್ನು ಕೂರಿಸಿದೆ. ಒಳಗಿದ್ದದ್ದು ಗೊತ್ತಿರಲಿಲ್ಲವೆಂದು ನೀನು ಹೇಳುವಂತಿಲ್ಲ. ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ನರ್ಸ್ ಔಷಧಿ ತರಲು ಹೋಗಿದ್ದರು. ಅಣ್ಣ ಕೆಳಗೆ ಫಾರಮ್ಮು ತುಂಬುತ್ತಿದ್ದ. ಪಕ್ಕದ ಹಾಸಿಗೆ ಖಾಲಿಯಿತ್ತು. ಆ ಕೋಣೆಯಲ್ಲಿ ಹಾಜರಿದ್ದವರು: ಅಮ್ಮ, ಚುಕ್ಕಿ.