ಪಕ್ಷ ಬಿಟ್ಟ ಪೈಲಟ್ ಪರವಾಗಿ ನಿಮ್ಮಪ್ಪ

ಅಂಗಡಿಯ ಹಿಂದಿನ ಕೋಣೆಯಿಂದ,
ಭಾನುವಾರ, ಹನ್ನೊಂದನೇ ತಾರೀಖು

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ? ನಿನ್ನ ಚಿಕ್ಕಪ್ಪನಿಗೆ ಕೆಲಸ ಹಿಡಿದರೆ ಹಸಿವೇ ಗೊತ್ತಾಗುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಅವನ ಜೊತೆ ಸೇರಿ ನೀನೂ ಹೊಟ್ಟೆ ಒಣಗಿಸಿಕೊಳ್ಳಬೇಡ. ಮರದ ಧೂಳಿಗೆ ನಿನಗೆ ಸೀನು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೋ. ನಿನ್ನ ಅಜ್ಜಿ ಗುಂಡುಕಲ್ಲಿನ ಹಾಗಿದ್ದಾಳೆ. ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ, ಥೇಟ್ ನಿಮ್ಮಪ್ಪನ ಹಾಗೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಮನೆಯಲ್ಲಿ ಗೋಡೆಗಿರುವ ಕಿವಿಯೂ ನಿಮ್ಮಪ್ಪನದೇ, ನನಗೋ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

ನೀನು ಹೋದ ಮೇಲೂ ನಿನ್ನ ಗೆಳೆಯರು ಶನಿವಾರ ಸಂಜೆ ಆ ಜಪಾನಿ ಕಾರ್ಟೂನಿನ ಚರ್ಚೆಗೆ ಬರುವುದನ್ನು ಬಿಟ್ಟಿಲ್ಲ. ಔಷಧಿ ಅಂಗಡಿಯ ಹುಡುಗಿ, ಬಸ್ ಡ್ರೈವರ್, ಲೆಕ್ಕದ ಮೇಷ್ಟ್ರು, ಮೂವರೂ ಹಾಜರು. ಬೇಡ ಅನ್ನಲು ನಿಮ್ಮಪ್ಪನಿಗೆ ಬಾಯಿ ಬರಲಿಲ್ಲ, ಬನ್ನಿ ಅಂತಲೂ ಹೇಳಲಿಲ್ಲ. ರಿಪೇರಿಗೆ ಬಂದ ಸೋಫಾಗಳ ಮೇಲೇ ಸಭೆ. ಹೋದ ವಾರ ಯಾರೋ ವಕೀಲರ ಸೋಫಾ, ಈ ವಾರ ದಂತವೈದ್ಯರದ್ದು. ಡ್ರೈವರ್ ಕೂತರೆ ಸ್ಪ್ರಿಂಗು ಕಿರ್ ಅನ್ನುತ್ತದೆ, ನಿಮ್ಮಪ್ಪ ತಿರುಗದೆಯೇ ‘ಅದು ಇನ್ನೂ ಆಗಿಲ್ಲ, ಆ ಕಡೆದರಲ್ಲಿ ಕೂತ್ಕೊಳಿ’ ಅನ್ನುತ್ತಾನೆ. ಅಷ್ಟು ಬಿಟ್ಟರೆ ಗೋಡೆ ಕಡೆ ಮುಖ ಮಾಡಿಕೊಂಡು ಮೊಳೆ ಹೊಡೆಯುವುದೇ ಕೆಲಸ. ನಾನು ಮೊದಮೊದಲು ಚಹಾ ಕೊಟ್ಟು ಒಳಗೆ ಹೋಗುತ್ತಿದ್ದೆ. ಈಗ ನನಗೂ ಒಂದು ಕುರ್ಚಿ ಹಾಕಿಸಿಕೊಂಡಿದ್ದೇನೆ. ಕಾರ್ಟೂನ್ ಅಂದರೆ ಮೂವರಿಗೂ ಮುಖ ಗಂಟಾಗುತ್ತದೆ, ಅನಿಮೆ ಅನ್ನಬೇಕಂತೆ. ಆಯಿತಪ್ಪ, ಅನಿಮೆ.

ಸತ್ಯ ಹೇಳುತ್ತೇನೆ, ಪುಟ್ಟಿ, ನನಗೆ ಅದರ ಹುಚ್ಚು ಹಿಡಿದುಬಿಟ್ಟಿದೆ. ಮನೆಯಷ್ಟೆತ್ತರದ ಕಬ್ಬಿಣದ ಗೊಂಬೆಯಂಥ ಯಂತ್ರದೊಳಗೆ ಕೂತು ಹಾರಾಡುವ ಆ ಹದಿನೈದು, ಹದಿನಾರರ ಪೈಲಟ್ ಮಕ್ಕಳನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಹೆಸರುಗಳು ನನ್ನ ನಾಲಿಗೆಗೆ ಹತ್ತುವುದಿಲ್ಲ, ಅದಕ್ಕೆ ನಾನೇ ನಾಮಕರಣ ಮಾಡಿದ್ದೇನೆ. ಕೊನೆಯವರೆಗೂ ತನ್ನ ಸೈನ್ಯದಲ್ಲೇ ಉಳಿಯುವವಳು ಎರಡು ಜಡೆಯವಳು. ನಡುವೆ ವೈರಿಗಳ ಕಡೆ ಸೇರಿಬಿಡುವವನು ಕೆಂಪು ಕೈಗವಸಿನವನು. ಇವನ ವಿಷಯಕ್ಕೆ ಪ್ರತಿ ವಾರ ರಣರಂಗ. ಅವನು ಹೋದದ್ದು ಯಾಕೆ, ಹೊಸ ಯಂತ್ರದ ಆಸೆಗೋ, ಜೀವಭಯಕ್ಕೋ, ಮನಸ್ಸಾಕ್ಷಿಗೋ? ಡ್ರೈವರ್‌ಗೆ ಅವನ ಹೆಸರೆತ್ತಿದರೆ ಆಗದು. ‘ದ್ರೋಹಿ ದ್ರೋಹಿನೇ ಅಜ್ಜಿ, ಅದರಲ್ಲಿ ಚರ್ಚೆ ಏನು ಬಂತು’ ಅಂತ ಅಷ್ಟು ದೊಡ್ಡ ಆಳು ಕಣ್ಣು ಒರೆಸಿಕೊಳ್ಳುತ್ತಾನೆ. ಔಷಧಿ ಅಂಗಡಿಯವಳು, ಎರಡು ಜಡೆಯವಳು ಉಳಿದದ್ದು ನಿಷ್ಠೆಯಿಂದಲ್ಲ, ಬೇರೆ ಕಡೆ ಹೋಗಲು ಜಾಗವಿಲ್ಲದೆ ಅನ್ನುತ್ತಾಳೆ. ಆ ಮಕ್ಕಳನ್ನು ಯುದ್ಧಕ್ಕೆ ಕಳಿಸಿದ ದೊಡ್ಡವರನ್ನು ಯಾಕೆ ಯಾರೂ ವಿಚಾರಣೆ ಮಾಡುವುದಿಲ್ಲ ಎಂದು ನಾನು ಕೇಳಿದೆ.

ನನಗಂತೂ ಎರಡೂ ಕಡೆಯವರನ್ನು ಬೈಯಲು ಆಗುವುದಿಲ್ಲ. ಈ ಮನೆಯ ಎರಡೂ ಸೈನ್ಯ ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದು ನೋಡು. ದೊಡ್ಡವನು ಹಳೆಯದನ್ನು ಸರಿಮಾಡುವುದೇ ನಮ್ಮ ಕಸುಬು ಅಂದ, ಚಿಕ್ಕವನು ಹೊಸ ಕುರ್ಚಿ, ಸೋಫಾ ಮಾಡೋಣ ಅಂದ, ಒಂದು ಅಂಗಡಿ ಎರಡಾಯಿತು, ಮಾತು ನಿಂತಿತು. ಅದನ್ನಾದರೂ ನುಂಗಿಕೊಂಡಿದ್ದೆ. ನೀನು ಐದು ತಿಂಗಳ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಚಿಕ್ಕಪ್ಪನ ಅಂಗಡಿಗೆ ಹೊರಟಾಗ ನಿಮ್ಮಪ್ಪ ಊಟದ ತಟ್ಟೆ ಬಿಟ್ಟು ಎದ್ದ. ‘ನನ್ನ ತಮ್ಮ ಆಸೆ ತೋರಿಸಿ ಎಳೆದುಕೊಂಡ’ ಅಂದ. ಆವತ್ತಿನಿಂದ ನಿನ್ನ ಹೆಸರು ಈ ಮನೆಯಲ್ಲಿ ನಾನೊಬ್ಬಳೇ ಹೇಳುತ್ತಿದ್ದೆ, ಬೇಕೆಂದೇ ಗಟ್ಟಿಯಾಗಿ. ಅಪ್ಪ ಮಗಳು ಹೀಗೇ ಉಳಿದುಬಿಟ್ಟರೆ ಅನ್ನುವ ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ಅಣ್ಣ ತಮ್ಮಂದಿರು ಹಾಗೆ ಉಳಿದದ್ದನ್ನು ಕಣ್ಣಾರೆ ಕಂಡವಳು ನಾನು.

ಈಗ ನಿನ್ನೆಯ ಸಮಾಚಾರ. ನೀನು ಮಾಡಿಟ್ಟ ಚೀಟಿಯ ನಿಯಮ ಈಗಲೂ ನಡೆಯುತ್ತಿದೆ. ಯಾರ ಹೆಸರಿನ ಚೀಟಿ ಬಂತೋ ಆ ಪೈಲಟ್ ಪರವಾಗಿ ವಾದ ಮಾಡಲೇಬೇಕು, ಸ್ವಂತ ಅಭಿಪ್ರಾಯ ಮನೆಯಲ್ಲಿಟ್ಟು ಬರಬೇಕು. ನಿನ್ನೆ ಮೇಷ್ಟ್ರು ‘ಜನ ಕಡಿಮೆಯಾಯ್ತು, ನೀವೂ ಒಂದು ಚೀಟಿ ಎತ್ತಿ ಸಾರ್’ ಅಂದರು. ನಿಮ್ಮಪ್ಪ ಕೆಲಸವಿದೆ ಅಂದ. ಮೂರು ಜನರ ಮುಂದೆ ಹೆದರಿದೆಯಾ ಎಂದು ನಾನು ಕೆಣಕಿದೆ. ಅಷ್ಟು ಸಾಕಾಯಿತು, ಸುತ್ತಿಗೆ ಕೆಳಗಿಟ್ಟ. ಚೀಟಿ ಬರೆದಿದ್ದವಳು ನಾನೇ. ಎಲ್ಲ ಚೀಟಿಯಲ್ಲೂ ಕೆಂಪು ಕೈಗವಸು ಅಂತಲೇ ಬರೆದಿದ್ದೆ. ನಗಬೇಡ, ಈ ವಯಸ್ಸಿಗೆ ಇಷ್ಟು ಮೋಸ ಮಾಡುವ ಹಕ್ಕು ನನಗಿದೆ.

ಚೀಟಿ ಓದಿ ನಿಮ್ಮಪ್ಪನ ಮುಖ ಹುಳ್ಳಗಾಯಿತು. ‘ಹೊಸ ಯಂತ್ರ ಕೊಟ್ಟರು, ಹೋದ, ಮುಗೀತು’ ಅಂದ. ಔಷಧಿ ಅಂಗಡಿಯವಳು ಬಿಡಬೇಕಲ್ಲ. ‘ಇದು ಪರ ಅಲ್ಲ ಅಂಕಲ್, ಇದು ವಿರೋಧ’ ಅಂದಳು. ಅವನು ಬೇರೆ ಚೀಟಿ ಕೊಡಿ ಎಂದು ಡಬ್ಬಕ್ಕೆ ಕೈ ಹಾಕಿ ಇನ್ನೊಂದು ಬಿಚ್ಚಿದ. ನೋಡಿದ. ಆಮೇಲೆ ನನ್ನ ಮುಖ ನೋಡಿದ. ಅವನು ಬೈಯಲಿಲ್ಲ. ಎರಡನೇ ಚೀಟಿಯನ್ನೂ ಮಡಚಿ ಜೇಬಿಗೆ ಹಾಕಿಕೊಂಡು ಸೋಫಾದ ಅಂಚಿಗೆ ಕೂತ.

ಮಾತು ಶುರುವಾದ ಮೇಲೆ ಗೊತ್ತಾಯಿತು, ಇಷ್ಟು ದಿನ ಬೆನ್ನು ಹಾಕಿ ಕೂತವನಿಗೆ ಕಥೆ ಅಷ್ಟೂ ಬಾಯಿಪಾಠವಾಗಿತ್ತು. ಆ ಹುಡುಗ ತಿಂಗಳುಗಟ್ಟಲೆ ಬೇರೆಯವರ ಯಂತ್ರ ಒರೆಸಿಕೊಂಡು ಕೂತಿದ್ದ, ನಿನಗೆ ಹಾರಲು ಇಷ್ಟವಾ ಎಂದು ಅವನ ಕ್ಯಾಪ್ಟನ್ ಒಂದು ಸಲವೂ ಕೇಳಲಿಲ್ಲ ಅಂದ. ‘ಆ ಕ್ಯಾಪ್ಟನ್ ಕೆಟ್ಟವನಲ್ಲ ಕಣ್ರೀ, ಹುಡುಗನಿಗೆ ಏನಾದ್ರೂ ಆದೀತು ಅಂತ ಭಯ. ಭಯ ಅಂತ ಬಾಯಿ ಬಿಟ್ಟು ಹೇಳೋಕಾಗದೆ, ನಿನ್ನ ಕೈಲಾಗಲ್ಲ ಅಂತ ಹೇಳಿದ’ ಅಂದ. ಹೇಳುತ್ತಾ ಹೇಳುತ್ತಾ ತನ್ನ ಎಡಗೈ ತೋರುಬೆರಳು ಉಜ್ಜಿಕೊಳ್ಳುತ್ತಿದ್ದ. ನಿನ್ನ ವಯಸ್ಸಿನಲ್ಲಿ ಮರ ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಆ ಬೆರಳಿನ ತುದಿ ಹೋದದ್ದು. ನಿನ್ನನ್ನು ಸೋಫಾ ಕವರು ಹೊಲಿಯಲು ಕೂರಿಸಿ, ಮರ ಕೊಯ್ದು ಮಾಡುವ ಚೌಕಟ್ಟಿನ ಕೆಲಸಕ್ಕೆ ಬಿಡದೇ ಇದ್ದದ್ದು ಅದಕ್ಕೇ. ನಾನಾದರೂ ಅದನ್ನು ನಿನಗೆ ಬಿಡಿಸಿ ಹೇಳಬೇಕಿತ್ತು. ಕೊನೆಗೆ ಡ್ರೈವರ್ ‘ಹಾಗಾದ್ರೆ ಅವನು ದ್ರೋಹಿ ಅಲ್ವಾ’ ಅಂತ ಕೇಳಿದ. ನಿಮ್ಮಪ್ಪ ‘ಯಂತ್ರ ಓಡಿಸೋಕೆ ಹೋದ, ಯುದ್ಧ ಮಾಡೋಕಲ್ಲ’ ಅಂದ. ಚಹಾ ಆರಿಹೋಗಿತ್ತು, ಯಾರೂ ಮುಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ ಸುಮ್ಮನೆ ಹಾಡು ಗುನುಗುತ್ತಾ ಫೋಮ್ ಕತ್ತರಿಸುತ್ತಿದ್ದಾನೆ. ನನಗೂ ಹೊಟ್ಟೆ ತುಂಬಿದ ಹಾಗಿದೆ, ಎರಡು ಸಲ ತಿಂಡಿ ತಿಂದೆ. ಚಿಕ್ಕಪ್ಪನಿಗೆ ನನ್ನ ಆಶೀರ್ವಾದ ಹೇಳು, ತಲೆಗೂದಲು ಕತ್ತರಿಸಿಕೊಳ್ಳಲು ಹೇಳು. ನೀನು ಕೈ ಬೆರಳು ಜೋಪಾನ ಮಾಡಿಕೋ, ಹತ್ತೂ ನನಗೆ ಲೆಕ್ಕಕ್ಕೆ ಬೇಕು.

ಎರಡೂ ಕಡೆ ಸೇರಿದ,
ನಿನ್ನ ಅಜ್ಜಿ

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಬರುವ ಶುಕ್ರವಾರ ನಿಮ್ಮಪ್ಪ ಅಲ್ಲಿಗೆ ಬರುತ್ತಾನೆ. ತಮ್ಮನ ಹತ್ತಿರ ಸ್ಪ್ರಿಂಗು ತರಬೇಕಂತೆ. ಇಲ್ಲಿ ಸ್ಪ್ರಿಂಗು ಮೂಟೆಗಟ್ಟಲೆ ಬಿದ್ದಿದೆ, ನೀನು ಕೇಳಲು ಹೋಗಬೇಡ. ವಾಪಸ್ ಬಾ ಅಂದರೂ ಅಂದಾನು. ಬರಲು ಮನಸ್ಸಿಲ್ಲದಿದ್ದರೆ ಬರಬೇಡ, ಇಲ್ಲಿ ನಾನು ನೋಡಿಕೊಳ್ಳುತ್ತೇನೆ. ಅವನಿಗೆ ಕ್ಷಮೆ ಕೇಳಲು ಬರುವುದಿಲ್ಲ, ಕುರ್ಚಿ ನೋಡಲು ಚೆನ್ನಾಗಿ ಬರುತ್ತದೆ. ಬಂದ ತಕ್ಷಣ ನೀನೇ ಮಾಡಿದ ಕುರ್ಚಿಯಲ್ಲಿ ಅವನನ್ನು ಕೂರಿಸು, ಮಾತೆಲ್ಲ ಆಮೇಲೆ.