ಬಾಗಿಲ ಬಳಿಯ ಚೀಲ ಮುಟ್ಟಬೇಡಿ

ಹ್ವಾಯ್,

ನಾನು ಐಸ್ ಪ್ಲಾಂಟಿನ ಕೆಲಸಕ್ಕೆ ಹೊರಟೆ. ಗಂಜಿ ಒಲೆಯ ಮೇಲಿದೆ, ಚಟ್ನಿ ಮುಚ್ಚಿಟ್ಟಿದ್ದೇನೆ. ಉಂಡೇ ದೋಣಿಗೆ ಹೋಗಿ.

ಬಾಗಿಲ ಮೊಳೆಗೆ ಸಿಕ್ಕಿಸಿದ ಚೀಲ ನೋಡಿ ಸಿಟ್ಟು ಮಾಡಬೇಡಿ. ಹೋದ ಮಳೆಗಾಲದಲ್ಲೂ, ನೀರು ನುಗ್ಗಿದರೆ ಹಿಡಿದು ಓಡಲೆಂದು ಇಂಥದ್ದೇ ಕಟ್ಟಿಟ್ಟಿದ್ದೆ. “ಕಡ್ಲಿಗ್ ಹೋಪತಿಗೆ ಬಾಗ್ಲಲ್ಲಿ ಗಂಟ್ ಕಟ್ಟಿ ಇಡುಕಾಗ” ಎಂದು ಅಪಶಕುನಕ್ಕೆ ಹೆದರಿ ನೀವೇ ಬಿಚ್ಚಿ, ಎಲ್ಲವನ್ನೂ ಕಪಾಟಿಗೆ ಹಾಕಿ ಹೋದಿರಿ. ಅವತ್ತು ಸಂಜೆ ಕಡಲು ಮನೆಯೊಳಗೆ ನುಗ್ಗಿದಾಗ ನಾನು ಅತ್ತೆಯನ್ನು ಎತ್ತಿಕೊಳ್ಳಲೋ, ಕಪಾಟು ತೆಗೆಯಲೋ? ನಾವು ಓಡಿ ಸೇರಿದ ಶಾಲೆಯ ಜಗಲಿಯಲ್ಲಿ ಅವರು ಉಬ್ಬಸದ ಪಂಪು ಕೇಳುತ್ತ ಕೇಳುತ್ತಲೇ ಕಣ್ಣು ಮುಚ್ಚಿದರು.

ಪಕ್ಕದ ಮನೆಯ ಬೇಬಿ ತನ್ನ ಚೀಲ ಹಿಡಿದೇ ಓಡಿದ್ದಳು. ಕಾಗದಪತ್ರ ಕೈಯಲ್ಲಿದ್ದುದಕ್ಕೆ ಪರಿಹಾರ ಬಂದು, ಅವಳ ಮನೆಗೆ ಹಂಚು ಹೊದಿಸಿಯೂ ಆಯಿತು. ನಾವು ಇನ್ನೂ ಹೆಮ್ಮಾಡಿಯ ಹೊಳೆದಡದ ಈ ಬಾಡಿಗೆ ಕೋಣೆಯಲ್ಲಿ ಇದ್ದೇವೆ.

ನಿಮ್ಮನ್ನು ದೂರಲು ಬರೆದದ್ದಲ್ಲ. ಮನೆ ಹೋದ ಮೇಲೆ ನೀವು ಇವತ್ತೇ ಮೊದಲು ಕಡಲಿಗೆ ಇಳಿಯುವುದು. ಹೆದರಿಕೆ ನನಗೂ ಇದೆ, ದೇವರಿಗೆ ದೀಪ ಹಚ್ಚಿಯೇ ಹೊರಟಿದ್ದೇನೆ. ಅಪಶಕುನವೆಂದು ಅನಿಸಿದರೆ ಕಣ್ಣು ತಗ್ಗಿಸಿ ದಾಟಿಹೋಗಿ, ಗಂಟು ಮಾತ್ರ ಬಿಚ್ಚಬೇಡಿ.

ಈ ಸಲ ಅದರಲ್ಲಿರುವುದು ಮಗಳ ಪಂಪು.

ರತ್ನ