ಮಗು ಮಲಗಿದ್ದಾಗ ಆಯಾಳನ್ನು ವರ್ಗ ಮಾಡಿದವರಿಗೆ

ಅನಾಥ ಮಕ್ಕಳ ಆಶ್ರಮಗಳ ಮೇಲಧಿಕಾರಿಗಳಾದ ಮಾನ್ಯರೇ,

ನಮ್ಮ ಕೊಳ್ಳೇಗಾಲದ ಆಶ್ರಮದಿಂದ ಆಯಾ ಪುಟ್ಟಬಸಮ್ಮನನ್ನು ತಾವು ವರ್ಗ ಮಾಡಿ ಇಪ್ಪತ್ತು ದಿನವಾಯಿತು. ಕಾರಣ, ತಮ್ಮ ಆಜ್ಞೆಯಲ್ಲೇ ಇರುವಂತೆ, ‘ಮಗು ಆಯಾಳನ್ನು ಅತಿಯಾಗಿ ಹಚ್ಚಿಕೊಂಡಿದೆ’. ಎಂಥ ಘೋರ ಅಪರಾಧ. ತಾಯಿಯಿಲ್ಲದ ಮಗು ಒಬ್ಬ ಹೆಂಗಸನ್ನು ಹಚ್ಚಿಕೊಂಡಿತೆಂದರೆ ಸರ್ಕಾರ ನಡುಗಬೇಡವೇ?

ಮಗುವಿನ ಹೆಸರು ಕೆಂಪಾಜಿ. ಆರು ವರ್ಷ, ಅಜ್ಜೀಪುರದ ಕಡೆಯದು. ಗುಡಿಸಲಿಗೆ ಬೆಂಕಿ ಬಿದ್ದು ತಾಯಿ ಕಣ್ಣೆದುರೇ ಸುಟ್ಟುಹೋದ ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಆಶ್ರಮದಲ್ಲಿ ಹಾಡು, ನಾಟಕ ಕಲಿಸುವ ನಾನು ಆ ಭಯವನ್ನು ಕಂಠದಿಂದಲೇ ಓಡಿಸುತ್ತೇನೆಂದು ಹೊರಟೆ. ರಾಕ್ಷಸನ ವೇಷದಲ್ಲಿ ಹನೂರಿನ ಕೊನೆಯ ಸಾಲಿನವರನ್ನೂ ಬೆಚ್ಚಿಬೀಳಿಸಿದ ಕಂಠವಿದು. ‘ಮಾತಾಡು ಮಗಳೇ’ ಎಂದು ಗರ್ಜಿಸಿದೆ. ಮಗು ಬೆಂಚಿನಡಿ ನುಗ್ಗಿ ಉಚ್ಚೆ ಹೊಯ್ದುಕೊಂಡಿತು.

‘ಸುಮ್ಕಿರಿ ಮೇಷ್ಟ್ರೇ. ನಿಮ್ ರಾಕ್ಷಸನ್ನ ಆಚೆ ಕಟ್ಟಾಕ್ಬುಟ್ಟು ಬನ್ನಿ,’ ಎಂದಳು ಹೊನ್ನೂರಿನ ಪುಟ್ಟಬಸಮ್ಮ. ಮಗುವನ್ನು ಎಳೆಯಲಿಲ್ಲ, ಕರೆಯಲಿಲ್ಲ. ಬೆಂಚಿನ ಪಕ್ಕ ಬೆನ್ನು ತಿರುಗಿಸಿ ಕೂತು ರಾಗಿ ಹಸನು ಮಾಡತೊಡಗಿದಳು. ಎದ್ದಾಗಲೆಲ್ಲ, ‘ನೀರ್ ತರಕ್ಕೆ ಓಯ್ತೀನಿ ಕಣವ್ವ, ಬತ್ತೀನಿ’. ಮರಳಿ ಬಂದು, ‘ಬಂದೆ ಕಣವ್ವ’. ಅಷ್ಟೇ ಔಷಧ. ಐದು ತಿಂಗಳಲ್ಲಿ ಒಂದು ದಿನವೂ ಆ ಮಾತು ತಪ್ಪಲಿಲ್ಲ. ಆರನೆಯ ತಿಂಗಳು ಸೆರಗು ಹಿಡಿದುಕೊಂಡು ಮಗು, ‘ನಾನೂ ಬತ್ತೀನಿ’ ಎಂದಿತು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ತಾವು ಮಾಡಿದ್ದೇನು? ಮಗು ಮಧ್ಯಾಹ್ನ ನಿದ್ದೆ ಹೋಗಿದ್ದಾಗ ಆಕೆಯನ್ನು ಬಸ್ಸು ಹತ್ತಿಸಿದಿರಿ. ಹೇಳಿ ಹೋಗುತ್ತೇನೆಂದು ಅಂಗಲಾಚಿದರೂ, ‘ಅತ್ತು ರಂಪ ಮಾಡುತ್ತೆ’ ಎಂದು ಬಿಡಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಸ್ವಾಮಿ. ಅಳಲಿಲ್ಲ. ಎದ್ದು ಅಡುಗೆಮನೆ, ಬಾವಿಕಟ್ಟೆ, ಬಚ್ಚಲು ಎಲ್ಲ ನೋಡಿ ಬಂದು ಮತ್ತೆ ಬೆಂಚಿನಡಿ ಸೇರಿತು. ತಮ್ಮ ತನಿಖೆಯವರು ಹತ್ತು ನಿಮಿಷ ನಿಂತು ನೋಡಿ, ‘ಗಲಾಟೆಯಿಲ್ಲ, ಹೊಂದಿಕೊಂಡಿದೆ’ ಎಂದು ಬರೆದುಕೊಂಡರು. ಸದ್ದಿಲ್ಲದಿರುವುದೇ ಗುಣವಾದ ಲಕ್ಷಣವಾದರೆ, ಸ್ಮಶಾನದಲ್ಲಿ ಮಲಗಿರುವವರೆಲ್ಲ ಗುಣವಾದವರೇ?

ಆಕೆಯನ್ನು ಮರಳಿ ಕಳಿಸುತ್ತೀರೆಂಬ ನಂಬಿಕೆ ನನಗಿಲ್ಲ. ಕಳಿಸಿದರೂ ಮಗು ಇನ್ನೊಮ್ಮೆ ಯಾರನ್ನಾದರೂ ನಂಬೀತೆಂಬ ಧೈರ್ಯವೂ ಉಳಿದಿಲ್ಲ. ಆದರೂ ಕೇಳುತ್ತೇನೆ: ಒಂದೇ ಒಂದು ದಿನದ ಮಟ್ಟಿಗೆ ಪುಟ್ಟಬಸಮ್ಮನನ್ನು ಕಳಿಸಿ. ತಾನಾಗಿ ಬಿಟ್ಟುಹೋಗಲಿಲ್ಲವೆಂದು ಆಕೆ ಮಗುವಿಗೆ ತನ್ನ ಬಾಯಿಂದಲೇ ಹೇಳಲಿ. ಆಗ ಮಗು ಅತ್ತರೆ, ದಯಮಾಡಿ, ಅಳಲು ಬಿಡಿ.

ಇಂತಿ,
ಉತ್ತರ ಬರಲಾರದೆಂದು ಬಲ್ಲ, ದೊಡ್ಡ ಕಂಠವೊಂದನ್ನು ಬಿಟ್ಟರೆ ಬೇರೇನೂ ಇಲ್ಲದ,
ನಾಟಕದ ಮೇಷ್ಟ್ರು ಪುಟ್ಟಮಲ್ಲಪ್ಪ
ಕೊಳ್ಳೇಗಾಲ, 1967